ಸಂದು ಚುಕ್ಕಿಯಲ್ಲಿ ಕೋಕೋ ನೆಟ್ಟ ಕತೆ

ಹೋದ ವಾರ ಪಕ್ಕದ ತೋಟದವರು ಬಂದು, ಕೋಕೋ ಗುಂಡಿಯ ಗುರುತು ಹಾಕಲು ನನ್ನ ಗಂಟು ಹಾಕಿದ ಹಗ್ಗ ಕೇಳಿದರು. 2018ರಲ್ಲಿ ಇದೇ ಪುಣ್ಯಾತ್ಮರು, "ಅಡಿಕೆಗೆ ಹೋಗೋ ಗೊಬ್ಬರ ಕೋಕೋಗೆ ಉಣಿಸ್ತೀಯಲ್ಲ ಮಾರಾಯ" ಎಂದು ನಕ್ಕಿದ್ದರು. ಅದಕ್ಕೇ ಬರೆಯೋಣ ಅನ್ನಿಸಿತು.

ಶಿರಸಿ ಹತ್ತಿರ ನಮ್ಮದು 12 ಗುಂಟೆಯ ಒಂದು ತುಂಡು. 9 ಅಡಿ ಅಂತರ, 16 ಸಾಲು, ಸಾಲಿಗೆ 10 ಅಡಿಕೆ ಮರ. ತೋಟಗಾರಿಕೆ ಓದುತ್ತಿದ್ದ ಅಕ್ಕನ ಮಗ, "ನಾಲ್ಕು ಮರದ ನಡುವೆ ಒಂದು ಕೋಕೋ ಹಾಕು ಮಾವ, ಕ್ವಿಂಕಂಕ್ಸ್ ಪದ್ಧತಿ" ಎಂದ. ಲ್ಯಾಟಿನ್ ಶಬ್ದವಂತೆ. 'ಐದು' ಮತ್ತು 'ಹನ್ನೆರಡನೇ ಒಂದು ಪಾಲು' ಎನ್ನುವ ಎರಡು ಶಬ್ದ ಸೇರಿ 'ಹನ್ನೆರಡರಲ್ಲಿ ಐದು ಪಾಲು' ಎಂಬ ಅರ್ಥ. ರೋಮನ್ನರಲ್ಲಿ ಅಷ್ಟು ಬೆಲೆಯ ನಾಣ್ಯವಿತ್ತು, ಗುರುತಿಗೆ ಐದು ಚುಕ್ಕಿ. ದಾಳದ ಐದು ಇದೆಯಲ್ಲ, ಹಾಗೆ ನಾಲ್ಕು ಮೂಲೆ, ನಡುವೆ ಒಂದು.

ಕೆಲಸದವರಿಗೆ ಇದನ್ನೆಲ್ಲ ಹೇಳಿ ಸುಸ್ತಾದೆ. ಕೊನೆಗೆ ನನ್ನ ಹೆಂಡತಿ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಚುಕ್ಕಿ ಇಟ್ಟು ತೋರಿಸಿದಳು. "ಓ, ಸಂದು ಚುಕ್ಕಿ! ಮೊದಲೇ ಹೇಳಬಾರದಾ ಹೆಗಡೇರೆ" ಎಂದರು.

ದುಡ್ಡು ಹೋದದ್ದು ಲೆಕ್ಕದಲ್ಲಿ. 160 ಮರಕ್ಕೆ 160 ಸಸಿ ಎಂದು ಸುಮ್ನೆ ತಂದುಬಿಟ್ಟೆ. ನಡುವಿನ ಜಾಗ ಇರೋದು 15 ಸಾಲು, ಸಾಲಿಗೆ 9. ಅಂದರೆ 135. ಉಳಿದ 25 ಸಸಿ ಬಚ್ಚಲ ಹಿಂದೆ ಒಣಗಿದವು. ಗುಂಡಿಯನ್ನೂ ಕಣ್ಣಳತೆಯಲ್ಲೇ ತೆಗೆಸಿದ್ದೆ. ಮೂವತ್ತು ಗುಂಡಿಯಾದರೂ ಅಡಿಕೆ ಬುಡಕ್ಕೇ ಸರಿದಿದ್ದವು. ಮುಚ್ಚಿ ಮತ್ತೆ ತೆಗೆಸಿದ್ದಾಯಿತು, ಎರಡು ಪಟ್ಟು ಕೂಲಿ. ಆಮೇಲೆ ಹೊಳೆದದ್ದು ಹಗ್ಗ. ಮೂಲೆಯಿಂದ ಮೂಲೆಗೆ ಎರಡು ಹಗ್ಗ ಎಳೆದು, ಕೂಡಿದಲ್ಲಿ ಗೂಟ. ಮರದಿಂದ ಸುಮಾರು ಆರೂಕಾಲು ಅಡಿ ಬರಬೇಕು. ನನ್ನದು ಈಗ ಒಂದೇ ಹಗ್ಗ, ಗಂಟಿನ ಲೆಕ್ಕ ಬೇರೆ ಇದೆ.

ದೊಡ್ಡ ಪೆಟ್ಟು ಮೂರನೇ ವರ್ಷ ಬಿತ್ತು. ಎಲ್ಲಾ ಸಂದಿಯೂ ತುಂಬಿ ತೋಟ ಹಗಲಲ್ಲೇ ಕತ್ತಲು. ಮಳೆಗಾಲದಲ್ಲಿ ಗಾಳಿ ಆಡದೆ ಅಡಿಕೆಗೆ ಕೊಳೆ, ಕೋಕೋ ಕಾಯಿಗೂ ಕಪ್ಪು ಕೊಳೆ. ಸುಣ್ಣ, ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆದಷ್ಟೂ ಸಾಲದು. ಮನಸ್ಸು ಗಟ್ಟಿ ಮಾಡಿ ಸಾಲು ಬಿಟ್ಟು ಸಾಲು ಕಡಿಸಿದೆ. 63 ಗಿಡ ಹೋದವು, 72 ಉಳಿದವು. ಸಸಿ, ಗುಂಡಿ, ಗೊಬ್ಬರ ಅಂತ ಏಳೆಂಟು ಸಾವಿರ ಮಣ್ಣುಪಾಲು. ಊರಲ್ಲಿ ನಗಲು ಇನ್ನೊಂದು ಕಾರಣ ಸಿಕ್ಕಿತು.

ಆದರೆ ಆ ಮೇಲೆ ತೋಟ ಉಸಿರಾಡಿತು. ಗಿಡವನ್ನು ಎತ್ತರಕ್ಕೆ ಬಿಡದೆ ವರ್ಷವೂ ಸವರುತ್ತೇನೆ. 2024ರ ಬೇಸಿಗೆಯಲ್ಲಿ ಹಸಿ ಬೀಜದ ದರ ಹುಚ್ಚೆದ್ದು ಏರಿತ್ತಲ್ವಾ, ಆ ವರ್ಷ ಎರಡು ಕ್ವಿಂಟಲ್ ಹತ್ತಿರ ಕೊಟ್ಟೆ. ನಲವತ್ತು ಸಾವಿರಕ್ಕೆ ಮೋಸವಿಲ್ಲ. ದರ ಆಮೇಲೆ ಇಳಿಯಿತು ಬಿಡಿ. ಅಡಿಕೆ ಫಸಲು ಮಾತ್ರ ಒಂದು ಗೊನೆಯೂ ಕಡಿಮೆಯಾಗಿಲ್ಲ.

ಕೆಳಗಿನ ತುಂಡಲ್ಲಿ ಇದೇ ಲೆಕ್ಕದಲ್ಲಿ ಆರು ಜಾಯಿಕಾಯಿ ಇಟ್ಟಿದ್ದೆ. ಕಸಿ ಗಿಡ ದುಬಾರಿ ಅಂತ ಬೀಜದ ಸಸಿ ತಂದೆ. ಹೋದ ವರ್ಷ ಹೂ ಬಂದಾಗ ನೋಡಿದರೆ ನಾಲ್ಕು ಗಂಡು, ಕಾಯಿ ಬಿಡದ ಮರ!

ಪಕ್ಕದವರಿಗೆ ಹಗ್ಗ ಕೊಟ್ಟಿದ್ದೇನೆ. ಕಾಯಿ ಮಂಗನ ಪಾಲಾಗದ ಹಾಗೆ ಏನು ಮಾಡ್ತೀಯ ಎಂದೂ ಕೇಳಿದರು. ಚಾ ಕುಡಿತ್ರಾ ಅಂದೆ.