ಸುಮ್ನೆ ಇಟ್ಟ ಸಿಡಿಯೂ ಹಾಳಾಗುತ್ತಾ? ಬೆಳಕಿಗೆ ಹಿಡಿದು ನೋಡಿ

ಹೌದು, ಹಾಳಾಗುತ್ತದೆ. ಮುಟ್ಟದೆ ಡಬ್ಬಿಯಲ್ಲಿಟ್ಟ ಸಿಡಿಯೂ ಒಂದು ದಿನ ಕೈಕೊಡಬಹುದು. ಆದರೆ ಎಲ್ಲವೂ ಅಲ್ಲ. 1982ರಲ್ಲಿ ಸಿಡಿಗಳು ಮಾರಾಟಕ್ಕೆ ಬಂದವು. ಆ ಕಾಲದ ಎಷ್ಟೋ ಸಿಡಿಗಳು ಈಗಲೂ ಚೆನ್ನಾಗಿ ಹಾಡುತ್ತಿವೆ. ಮನೆಯಲ್ಲಿ ರೈಟ್ ಮಾಡಿಕೊಂಡವು ಮಾತ್ರ ಕೆಲವೇ ವರ್ಷಗಳಲ್ಲಿ ಹೋಗುವುದುಂಟು.

ಯಾಕೆ ಹೀಗೆ? ಒಂದು ಸಿಡಿ ಕೈಗೆ ತೆಗೆದುಕೊಳ್ಳಿ. ದಪ್ಪ 1.2 ಮಿಲಿಮೀಟರ್. ಹೆಚ್ಚೂಕಡಿಮೆ ಅಷ್ಟೂ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್. ಅದರ ಮೇಲ್ಭಾಗದಲ್ಲಿ ಕಣ್ಣಿಗೆ ಕಾಣದ ಗುಳಿಗಳಿವೆ, ಹಾಡು ಇರುವುದು ಅಲ್ಲೇ. ಗುಳಿಗಳ ಮೇಲೆ ತೀರಾ ತೆಳುವಾದ ಅಲ್ಯೂಮಿನಿಯಂ ಲೇಪ. ಲೇಸರ್ ಬೆಳಕನ್ನು ಕನ್ನಡಿಯ ಹಾಗೆ ಹಿಂದಕ್ಕೆ ಕಳಿಸುವುದು ಅದೇ. ಅದನ್ನು ಕಾಯುವುದಕ್ಕೆ ವಾರ್ನಿಷ್‌ನಂಥ ಲ್ಯಾಕರ್‌ನ ಒಂದು ಪದರ, ಅದರ ಮೇಲೆ ಹೆಸರಿನ ಅಚ್ಚು. ಅಷ್ಟೇ! ನಾವು ಹೊಳೆಯುವ ಬದಿಗೆ ಗೀರು ಬೀಳಬಾರದು ಅಂತ ಒದ್ದಾಡುತ್ತೇವೆ, ಅಲ್ವಾ? ನಿಜಕ್ಕೂ ನಾಜೂಕಾದದ್ದು ಹೆಸರಿರುವ ಬದಿ. ಕೆಳಗಿನ ಗೀರನ್ನು ಪಾಲಿಶ್ ಮಾಡಿ ತೆಗೆಯಬಹುದು. ಮೇಲಿನ ಗೀರು ಲೇಪವನ್ನೇ ಕಿತ್ತರೆ ಅಲ್ಲಿದ್ದದ್ದು ಮತ್ತೆ ಸಿಗುವುದಿಲ್ಲ.

ಲ್ಯಾಕರ್ ಅಂಚಿನಲ್ಲಿ ಸರಿಯಾಗಿ ಕೂತಿರದಿದ್ದರೆ ತೇವವೂ ಗಾಳಿಯೂ ಒಳಗೆ ನುಸುಳುತ್ತವೆ. ಅಲ್ಯೂಮಿನಿಯಂ ಹೊಳಪು ಕಳೆದುಕೊಳ್ಳುತ್ತದೆ. ಪ್ಲೇಯರ್ ಸಣ್ಣಪುಟ್ಟ ತಪ್ಪುಗಳನ್ನು ತಾನೇ ತಿದ್ದಿಕೊಳ್ಳುವುದರಿಂದ ಬಹಳ ದಿನ ನಮಗೆ ತಿಳಿಯುವುದೇ ಇಲ್ಲ. ಸಿಡಿ ಓಡುವುದು ಒಳಗಿನಿಂದ ಹೊರಕ್ಕೆ. ಹಾಗಾಗಿ ಸಿಡಿ ತುಂಬಾ ಹಾಡುಗಳಿದ್ದರೆ, ಅಂಚಿನಿಂದ ಶುರುವಾದ ಹಾನಿ ಕೊನೆಯ ಹಾಡಿನಲ್ಲಿ ಮೊದಲು ಕೇಳಿಸುತ್ತದೆ.

ರೈಟ್ ಮಾಡಿದ ಸಿಡಿಯ ಕಥೆ ಬೇರೆ. ಅಲ್ಲಿ ಗುಳಿಗಳಿಲ್ಲ, ಒಂದು ಪದರ ಬಣ್ಣವಿದೆ. ಲೇಸರ್ ಆ ಬಣ್ಣವನ್ನು ಸುಟ್ಟು ಗುರುತು ಮಾಡಿರುತ್ತದೆ. ಬಿಸಿಲಿಗೆ, ಶಾಖಕ್ಕೆ ಬಟ್ಟೆಯ ಬಣ್ಣ ಹೋಗುವ ಹಾಗೆಯೇ ಇದೂ ಮಾಸುತ್ತದೆ.

ಈಗ ಕೆಲಸಕ್ಕೆ ಬನ್ನಿ. ಮೊದಲು ಸಿಡಿಯನ್ನು ಅಂಚಿನಲ್ಲಿ ಹಿಡಿದು ಬಲ್ಬಿನ ಎದುರಿಗೆ ಎತ್ತಿ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಂಡವೇ? ಅಂಚು ಕಂದು ಬಣ್ಣಕ್ಕೆ ತಿರುಗಿದೆಯೇ? ಹಾಗಿದ್ದರೆ ಅದು ಕಾಯಿಲೆ ಬಿದ್ದ ಸಿಡಿ. ಅದನ್ನು ಇವತ್ತೇ ಕಾಪಿ ಮಾಡಿ. ಒಂದೆರಡು ಚುಕ್ಕೆ ಮೊದಲಿನಿಂದಲೂ ಇರಬಹುದು, ಗಾಬರಿ ಬೇಡ. ಆರು ತಿಂಗಳ ನಂತರ ಮತ್ತೆ ನೋಡಿ, ಜಾಸ್ತಿಯಾಗಿವೆಯೇ ಅಂತ.

ಧೂಳಿದ್ದರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತು ಸುತ್ತಾಗಿ ಉಜ್ಜಲೇಬೇಡಿ. ಸುತ್ತಿನ ಗೀರು ಒಂದೇ ಕಡೆಯ ಗುರುತುಗಳನ್ನು ಉದ್ದಕ್ಕೂ ಮುಚ್ಚಿಬಿಡುತ್ತದೆ, ಅಷ್ಟನ್ನು ಪ್ಲೇಯರ್ ತಿದ್ದಿಕೊಳ್ಳಲಾರದು. ಮೇಲೆ ಸ್ಟಿಕ್ಕರ್ ಅಂಟಿಸಬೇಡಿ, ಅಂಟಿಸಿದ್ದನ್ನು ಕೀಳಲೂ ಬೇಡಿ, ಲೇಪವೂ ಜೊತೆಗೇ ಎದ್ದು ಬರಬಹುದು. ಹೆಸರು ಬರೆಯುವುದಿದ್ದರೆ ನಡುವಿನ ಪಾರದರ್ಶಕ ಉಂಗುರದ ಮೇಲೆ ಬರೆಯಿರಿ. ಡಬ್ಬಿಯಲ್ಲಿ ನಿಲ್ಲಿಸಿ, ತಂಪಾದ, ಒಣಗಿದ, ಕತ್ತಲೆಯ ಜಾಗದಲ್ಲಿಡಿ.

ಕಾಪಿ ಮಾಡುವಾಗ ರೈಟ್ ಮಾಡಿದವುಗಳಿಂದಲೇ ಶುರು ಮಾಡಿ. ಮನೆಯವರ ದನಿ, ಫೋಟೋ ಇರುವುದು ಅವುಗಳಲ್ಲೇ. ಅಂಗಡಿಯ ಹಾಡು ಮತ್ತೆಲ್ಲಾದರೂ ಸಿಕ್ಕೀತು. ಒಂದು ಡ್ರೈವ್ ಓದದ ಸಿಡಿಯನ್ನು ಇನ್ನೊಂದು ಸಲೀಸಾಗಿ ಓದಿಬಿಡುವುದುಂಟು. ಎಸೆಯುವ ಮುಂಚೆ ವೇಗ ಕಡಿಮೆ ಮಾಡಿ, ಬೇರೆ ಡ್ರೈವಿನಲ್ಲಿ ಇನ್ನೊಮ್ಮೆ ಹಾಕಿ ನೋಡಿ.