ಬೆಂಗಳೂರಿನಿಂದ ಸಿಂಗಪುರ: ದೂರ ಎಷ್ಟು, ಹಾರಾಟ ಎಷ್ಟು ಹೊತ್ತು?

ಕೆಂಪೇಗೌಡ ನಿಲ್ದಾಣದಿಂದ ಚಾಂಗಿಗೆ ನೇರ ಗೆರೆಯಲ್ಲಿ ಸುಮಾರು 3,180 ಕಿ.ಮೀ. ವಿಮಾನದ ವೇಗ ಗಂಟೆಗೆ 850 ಕಿ.ಮೀ. ಎಂದು ಭಾಗಿಸಿದರೆ ಮೂರೂಮುಕ್ಕಾಲು ಗಂಟೆ. ರನ್‌ವೇಗೆ ಸಾಗಲು, ಏರಲು, ಇಳಿಯಲು ಇನ್ನೊಂದು ಮುಕ್ಕಾಲು ಗಂಟೆ ಸೇರಿಸಿ: ನಾಲ್ಕೂವರೆ.

ಎಡವಟ್ಟಾಗುವುದು ಟಿಕೆಟ್ ಓದುವಾಗ. ಅದರಲ್ಲಿರುವುದು ಆಯಾ ಊರಿನ ಸಮಯ. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದು. ರಾತ್ರಿ 11ಕ್ಕೆ ಹೊರಟು ಬೆಳಿಗ್ಗೆ 6ಕ್ಕೆ ಇಳಿದರೆ ಏಳು ಗಂಟೆಯಂತೆ ಕಾಣುತ್ತದೆ, ಎರಡೂವರೆ ಕಳೆಯಿರಿ. ವಾಪಸು ಬರುವಾಗ ಕೂಡಿಸಿ: ಅಲ್ಲಿ ರಾತ್ರಿ 8ಕ್ಕೆ ಹೊರಟು ಇಲ್ಲಿ 10:30ಕ್ಕೆ ಇಳಿದರೆ ಹಾರಾಟ ಐದು ಗಂಟೆಯದು.

ದಿನಾಂಕವನ್ನಂತೂ ಎರಡು ಸಲ ನೋಡಿ. ಟಿಕೆಟ್‌ನಲ್ಲಿ 5ನೇ ತಾರೀಕು 00:15 ಎಂದಿದ್ದರೆ ನೀವು ಮನೆ ಬಿಡಬೇಕಾದ್ದು 4ರ ಸಂಜೆ.