ಮಂಗಳೂರಿನಲ್ಲಿ ಒಂದೇ ದಿನ: ಏನು, ಎಲ್ಲಿ, ಎಷ್ಟು ಹೊತ್ತಿಗೆ ತಿನ್ನಬೇಕು?

ರಾತ್ರಿ ಬಸ್ಸಿನಲ್ಲಿ ಬಂದಿಳಿದು ಮರುರಾತ್ರಿಯೇ ವಾಪಸ್ ಹೊರಡುವವರು ಮಂಗಳೂರಿನಲ್ಲಿ ಮಾಡುವ ತಪ್ಪು ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಹೊಟ್ಟೆ ಬಿರಿಯುವಷ್ಟು ತಿಂಡಿ ತಿನ್ನುತ್ತಾರೆ. ಮೀನೂಟದ ಹೋಟೆಲು ಹುಡುಕಿಕೊಂಡು ಹೋಗುವಾಗ ಮಧ್ಯಾಹ್ನ ಎರಡೂವರೆ ಆಗಿರುತ್ತದೆ. ಅಷ್ಟು ಹೊತ್ತಿಗೆ ಒಳ್ಳೆಯ ಮೀನೆಲ್ಲ ಖಾಲಿ. ಉಳಿದ ಅಂಜಲ್ (ಕಿಂಗ್‌ಫಿಶ್) ತುಂಡು ತಿಂದು, ‘ಇಷ್ಟೇನಾ’ ಅಂದುಕೊಂಡು ಏಳುತ್ತಾರೆ. ಈ ಊರಿನಲ್ಲಿ ಮಧ್ಯಾಹ್ನದ ಮೀನೂಟವೇ ಮುಖ್ಯ. ಉಳಿದದ್ದನ್ನೆಲ್ಲ ಅದರ ಹಿಂದೆ ಮುಂದೆ ಹೊಂದಿಸಿಕೊಳ್ಳಿ.

ಮೊದಲು ತಿಂಗಳು ನೋಡಿ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಆಗ ಹೋಟೆಲುಗಳಿಗೆ ಬರುವುದು ಬಹುಪಾಲು ಮಂಜುಗಡ್ಡೆಯ ಮೀನು ಅಥವಾ ಹೊರರಾಜ್ಯದ ಮೀನು. ನಾಡದೋಣಿಯವರು ತಂದದ್ದು ಸಿಕ್ಕರೆ ನಿಮ್ಮ ಅದೃಷ್ಟ. ಈ ಎರಡು ತಿಂಗಳಲ್ಲಿ ಬರುವವರು ಮೀನಿನ ಹಠ ಬಿಟ್ಟು ಪತ್ರೊಡೆ, ಕೋರಿ ರೊಟ್ಟಿಯ (ಕೋಳಿಸಾರಿನ ಜೊತೆ ಒಣ ರೊಟ್ಟಿ) ಕಡೆ ಹೋಗುವುದು ಒಳ್ಳೆಯದು. ಪತ್ರೊಡೆಗೆ ಬೇಕಾದ ಎಳೆಯ ಕೆಸುವಿನೆಲೆ ಸಿಗುವುದು ಮಳೆಗಾಲದಲ್ಲೇ. ಮೀನಿಗಾಗಿಯೇ ಬರುವವರು ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ನಂತರ ಹೊರಡಿ.

ಬೆಳಿಗ್ಗೆ: ಅರ್ಧ ಹೊಟ್ಟೆಗೆ ಮಾತ್ರ

ಕೊಡಿಯಾಲ್‌ಬೈಲಿನ ನ್ಯೂ ತಾಜ್‌ಮಹಲ್ ಕೆಫೆಯಲ್ಲಿ ಬನ್ಸ್ ಮತ್ತು ಬಿಸ್ಕುಟ್ ರೊಟ್ಟಿ (ಖಾರದ ಹೂರಣ ತುಂಬಿದ ಪೂರಿ), ಇಬ್ಬರಿಗೆ ಒಂದೊಂದು ಪ್ಲೇಟು. ಮಂಗಳೂರು ಬನ್ಸ್ ಬೇಕರಿಯ ಬನ್ ಅಲ್ಲ. ಕಳಿತ ಬಾಳೆಹಣ್ಣು, ಮೈದಾ, ಮೊಸರು, ಸಕ್ಕರೆ, ಜೀರಿಗೆ ಕಲಸಿ ರಾತ್ರಿಯಿಡೀ ಇಟ್ಟು ಕರಿದ ದಪ್ಪ ಪೂರಿ ಅದು. ನೀರುದೋಸೆ ಬೇಕಿದ್ದರೆ ಹೆಂಚಿನಿಂದ ನೇರ ತಟ್ಟೆಗೆ ಬರುವಲ್ಲಿ ತಿನ್ನಿ. ಮೊದಲೇ ಹುಯ್ದು ಪೇರಿಸಿಟ್ಟ ದೋಸೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿರುತ್ತವೆ. ಆಮೇಲೆ ಹನ್ನೆರಡರವರೆಗೆ ಏನೂ ಬೇಡ. ಸೆಖೆಗೆ ಬಾಯಾರಿದರೆ ಒಂದು ಬೊಂಡ ಕುಡಿಯಿರಿ. ಇಲ್ಲಿ ಬೊಂಡ ಎಂದರೆ ಎಳನೀರು. ಊಟದ ಮೆನುವಿನಲ್ಲಿ ಕಾಣುವ ‘ಬೊಂಡಾಸ್’ ಸ್ಕ್ವಿಡ್, ಎರಡನ್ನೂ ಕಲಸಿಕೊಳ್ಳಬೇಡಿ.

ಮಧ್ಯಾಹ್ನ: ಎಡವುವುದು ಇಲ್ಲೇ

ಹನ್ನೆರಡೂಕಾಲಕ್ಕೆ ಹೋಟೆಲಿನ ಬಾಗಿಲಲ್ಲಿರಿ. ಬಂದರಿನಲ್ಲಿ ನಾರಾಯಣ, ರಥಬೀದಿಯಲ್ಲಿ ಗಿರಿಮಂಜಾಸ್: ಎರಡೂ ಚಿಕ್ಕ ಜಾಗ, ಎರಡಕ್ಕೂ ಜನ ಕಾಯುತ್ತಾರೆ. ಗುರುತಿಲ್ಲದವರ ಜೊತೆ ಒಂದೇ ಮೇಜು ಹಂಚಿಕೊಳ್ಳಬೇಕಾಗಬಹುದು, ಬೇಸರಪಡಬೇಡಿ. ಮೀನೂಟದ ಹೋಟೆಲುಗಳಲ್ಲಿ ಭಾನುವಾರ ಬಾಗಿಲು ಹಾಕುವವೂ ಇವೆ, ಹಿಂದಿನ ದಿನವೇ ಫೋನ್ ಮಾಡಿ ವಿಚಾರಿಸಿ. ಎಸಿ, ಮೆತ್ತನೆಯ ಕುರ್ಚಿ ಬೇಕೆಂದು ದೊಡ್ಡ ಹೋಟೆಲಿಗೆ ಹೋದರೆ ಸಿಗುತ್ತದೆ, ಆದರೆ ಮೀನು ಇಷ್ಟು ಬೇಗ ಖರ್ಚಾಗುವ ಜಾಗದಲ್ಲಿ ತಾಜಾತನದ ಖಾತರಿ ಹೆಚ್ಚು.

ಕೂತೊಡನೆ ಬರುವ ಪ್ರಶ್ನೆ: “ಕುಚ್ಚಲಕ್ಕಿಯಾ, ಬೆಳ್ತಿಗೆಯಾ?” ಬೆಳ್ತಿಗೆ ಎಂದರೆ ಬಿಳಿ ಅಕ್ಕಿ. ನೀವು ಕುಚ್ಚಲಕ್ಕಿ ಅನ್ನಿ. ದಪ್ಪಗಿನ ಕೆಂಪು ಕಾಳು ಮೀನುಸಾರನ್ನು ಹೀರಿಕೊಂಡೂ ಬಿಡಿಬಿಡಿಯಾಗಿ ಉಳಿಯುತ್ತದೆ. ಬೆಳ್ತಿಗೆ ಅನ್ನ ಅದೇ ಸಾರಿನಲ್ಲಿ ಕರಗಿಹೋಗುತ್ತದೆ. ಸಾರು, ಪಲ್ಯ, ಉಪ್ಪಿನಕಾಯಿ ಊಟದ ಜೊತೆಗೇ ಬರುತ್ತವೆ. ಫ್ರೈಗೆ ಬೇರೆ ಲೆಕ್ಕ.

ಫ್ರೈ ಹೇಳುವಾಗ ನಿಮಗೆ ಗೊತ್ತಿರುವ ಹೆಸರು ಹೇಳಬೇಡಿ. “ಇವತ್ತು ಯಾವುದು ಫ್ರೆಶ್ ಉಂಟು?” ಎಂದು ಕೇಳಿ. ಕೆಲವು ಕಡೆ ಮಸಾಲೆ ಸವರಿದ ಹಸಿಮೀನನ್ನು ತಟ್ಟೆಯಲ್ಲಿಟ್ಟು ಮೇಜಿಗೇ ತಂದು ತೋರಿಸುತ್ತಾರೆ. ಅಂಥಲ್ಲಿ ಬೆರಳಿಟ್ಟು ಆರಿಸಿ, ಅಲ್ಲೇ ಬೆಲೆಯನ್ನೂ ಕೇಳಿ. ಬೆಲೆ ನಿಲ್ಲುವುದು ಗಾತ್ರದ ಮೇಲೆ. ಕೇಳದೆ ತಿಂದು ಬಿಲ್ಲು ನೋಡಿ ಜಗಳ ತೆಗೆದರೆ ಪ್ರಯೋಜನವಿಲ್ಲ. ಹೊರಗಿನವರು ಅಂಜಲ್, ಮಾಂಜಿ (ಪಾಂಫ್ರೆಟ್) ಎರಡನ್ನೇ ಕೇಳುತ್ತಾರೆ. ಇವು ದೊಡ್ಡ ಮೀನು, ದುಬಾರಿ, ಐಸಿನಲ್ಲಿ ಕೂತು ಎಲ್ಲ ಊರಿಗೂ ಬರುತ್ತವೆ. ಮಂಗಳೂರಿಗೇ ಬಂದು ತಿನ್ನಬೇಕಾದ್ದು ಬಂಗುಡೆ, ಬೂತಾಯಿ (ಸಾರ್ಡೀನ್), ಕಾಣೆ (ಲೇಡಿಫಿಶ್), ನಂಗ್ (ಸೋಲ್ ಮೀನು), ಮರುವಾಯಿ (ಚಿಪ್ಪುಮೀನು).

ಯಾವುದನ್ನು ಹೇಗೆ ಮಾಡಿಸಬೇಕು ಎನ್ನುವುದೂ ಮುಖ್ಯ. ಬಂಗುಡೆ, ಬೂತಾಯಿ ಎಣ್ಣೆಯಂಶದ ಮೀನುಗಳು. ಹುಣಸೆಹುಳಿ, ಬ್ಯಾಡಗಿ ಮೆಣಸಿನ ಪುಳಿಮುಂಚಿ ಆ ಜಿಡ್ಡಿಗೆ ಸರಿಹೊಂದುತ್ತದೆ. ತೆಂಗಿನಕಾಯಿ ಅರೆದು ಹಾಕುವುದು ಗಸಿಗೆ. ಪುಳಿಮುಂಚಿಗೆ ಕಾಯಿ ಇಲ್ಲ. ಕಾಣೆಯ ಮಾಂಸ ಬೆಳ್ಳಗೆ, ಮೃದು, ಅದಕ್ಕೆ ರವಾ ಫ್ರೈಯೇ ಸರಿ, ಹೊರಗೆ ಗರಿಗರಿ, ಒಳಗೆ ಬೆಣ್ಣೆ. ಮರುವಾಯಿ ಸಿಕ್ಕರೆ ಸುಕ್ಕ, ಅಂದರೆ ಕಾಯಿತುರಿ ಹಾಕಿದ ಒಣ ಪಲ್ಯ. ಕೆಂಡದಂತೆ ಕೆಂಪಗೆ ಹೊಳೆಯುವ ಫ್ರೈ ಬಂದರೆ ಸಂಶಯಪಡಿ: ಬ್ಯಾಡಗಿಯ ಕೆಂಪು ಬೆಂದ ಮೇಲೆ ಕಂದಿಗೆ ತಿರುಗುತ್ತದೆ, ಪುಡಿಬಣ್ಣ ಹಾಗೇ ಉಳಿಯುತ್ತದೆ.

ಕಾಣೆ ಬಿಡಿಸುವುದನ್ನು ಕಲಿತುಕೊಳ್ಳಿ. ಬೆನ್ನಿನ ಗೆರೆಯ ಉದ್ದಕ್ಕೂ ಹೆಬ್ಬೆರಳಿನಿಂದ ಮೆತ್ತಗೆ ಒತ್ತುತ್ತ ಹೋಗಿ, ಮಾಂಸ ಎರಡು ಪಾಲಾಗಿ ತೆರೆದುಕೊಳ್ಳುತ್ತದೆ. ತಲೆಯ ಕಡೆಯಿಂದ ನಡುಮುಳ್ಳನ್ನು ಎತ್ತಿದರೆ ಬಾಲದವರೆಗೆ ಒಂದೇ ಎಳೆಯಾಗಿ ಎದ್ದುಬರುತ್ತದೆ. ಚಮಚ, ಫೋರ್ಕು ಹಾಕಿ ಕೆದಕಿದರೆ ಮುಳ್ಳು ತುಂಡಾಗಿ ಮಾಂಸದೊಳಗೆ ಸೇರಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ಬಂಗುಡೆ ಬಾಯಿಗಿಟ್ಟ ಕೂಡಲೇ ನಾಲಿಗೆ ಚುರುಗುಟ್ಟಿದರೆ, ಅದು ಮೆಣಸಿನ ಖಾರವಲ್ಲ ಅನ್ನಿಸಿದರೆ, ತಟ್ಟೆ ಪಕ್ಕಕ್ಕಿಡಿ. ಹಿಡಿದ ಮೇಲೆ ಸರಿಯಾಗಿ ತಂಪಿನಲ್ಲಿಡದ ಬಂಗುಡೆಯಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಹುಟ್ಟುತ್ತದೆ, ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಮುಖ ಕೆಂಪೇರುವುದು, ಮೈ ತುರಿಸುವುದು, ತಲೆನೋವು ಬರುವುದು ಅದರಿಂದಲೇ.

ಇಬ್ಬರಿಗೆ ಲೆಕ್ಕ: ಎರಡು ಊಟ, ಒಂದು ಕಾಣೆ ರವಾ ಫ್ರೈ, ಒಂದು ಬಂಗುಡೆ ಪುಳಿಮುಂಚಿ, ಒಂದು ಮರುವಾಯಿ ಸುಕ್ಕ. ಸಾಕು. ಕೊನೆಗೆ ಪುನರ್ಪುಳಿ (ಕೋಕಂ) ಶರಬತ್ತು ಕುಡಿಯಿರಿ. ಸಿಪ್ಪೆ ನೆನೆಸಿ ಮಾಡಿದ್ದಕ್ಕೆ ಗಾಢ ಕೆಂಪು ಬಣ್ಣ, ಹುಳಿ ಮುಂದೆ, ಸಿಹಿ ಹಿಂದೆ. ಬರೀ ಸಿಹಿ ಹೊಡೆಯುವ ಬಾಟಲಿ ಸಿರಪ್ಪಿಗೆ ದುಡ್ಡು ಹಾಕಬೇಡಿ.

ಸಂಜೆ

ನಾಲ್ಕೂವರೆಗೆ ಗೋಳಿಬಜೆ. ಬಾಣಲೆ ಕಾಣುವ ಹೋಟೆಲಿನಲ್ಲೇ ತಿನ್ನಿ, ಆರಿದರೆ ರಬ್ಬರು. ಆರರ ಸುಮಾರಿಗೆ ಗಡ್‌ಬಡ್: 1975ರಲ್ಲಿ ಶುರುವಾದ ಐಡಿಯಲ್‌ನಲ್ಲಿ, ಅಥವಾ ಅವರದೇ ಆದ ಲಾಲ್‌ಬಾಗಿನ ಪಬ್ಬಾಸ್‌ನಲ್ಲಿ. ಉದ್ದ ಗ್ಲಾಸಿನಲ್ಲಿ ಐಸ್‌ಕ್ರೀಮು, ಜೆಲ್ಲಿ, ಹಣ್ಣು, ಬೀಜ ಪದರ ಪದರವಾಗಿರುತ್ತವೆ. ಕಲಕಬೇಡಿ, ಚಮಚವನ್ನು ತಳದವರೆಗೆ ಇಳಿಸಿ ಎಲ್ಲ ಪದರವೂ ಬರುವಂತೆ ಎತ್ತಿ. ಇಬ್ಬರಿಗೆ ಒಂದು ಗ್ಲಾಸು ಧಾರಾಳ.

ರಾತ್ರಿ: ಕೋರಿ ರೊಟ್ಟಿ

ಇದನ್ನು ಚಪಾತಿಯಂತೆ ಅದ್ದಿ ತಿನ್ನಲು ಹೋಗಿ ಸೋತವರು ಬಹಳ. ಕುಚ್ಚಲಕ್ಕಿಯ ಒಣ ರೊಟ್ಟಿ ಹಪ್ಪಳದಷ್ಟು ತೆಳು, ಮುಟ್ಟಿದರೆ ಮುರಿಯುತ್ತದೆ. ಎರಡು ಹಾಳೆ ಮಾತ್ರ ತಟ್ಟೆಯಲ್ಲಿ ಪುಡಿಮಾಡಿ, ಬಿಸಿ ಕೋಳಿಸಾರು ಹುಯ್ಯಿರಿ, ಒಂದು ನಿಮಿಷ ಬಿಡಿ. ಅಂಚು ಇನ್ನೂ ಕುರುಕಲಾಗಿ, ನಡು ಮೆತ್ತಗಾದಾಗ ತಿನ್ನಿ. ಮುಗಿದ ಮೇಲೆ ಮತ್ತೆರಡು ಹಾಳೆ. ಎಲ್ಲ ರೊಟ್ಟಿಗೂ ಒಮ್ಮೆಲೇ ಸಾರು ಸುರಿದರೆ ಐದೇ ನಿಮಿಷದಲ್ಲಿ ಗಂಜಿ. ಸಾರು ನೀರಾಗಿರಬೇಕು, ಗಟ್ಟಿ ಗ್ರೇವಿ ತಂದರೆ ತೆಳು ಸಾರು ಕೇಳಿ ಹಾಕಿಸಿಕೊಳ್ಳಿ.

ಮನೆಗೆ ರೊಟ್ಟಿ ಪ್ಯಾಕೆಟ್ಟು ಒಯ್ಯುವವರು ಕೈಯಲ್ಲೇ ಹಿಡಿದುಕೊಳ್ಳಿ, ಬಸ್ಸಿನ ಡಿಕ್ಕಿಗೆ ಹಾಕಿದರೆ ಊರು ಸೇರುವುದು ಪುಡಿ. ಪ್ಯಾಕೆಟ್ಟು ಒಡೆದ ಮೇಲೆ ಉಳಿದ ಹಾಳೆಗಳನ್ನು ಗಾಳಿಯಾಡದ ಡಬ್ಬಿಗೆ ಹಾಕಿ. ತಂಗಾಳಿಗೆ ಮೆತ್ತಗಾಗಿದ್ದರೆ ಕಾದ ಹೆಂಚಿನ ಮೇಲೆ, ಸಣ್ಣ ಉರಿಯಲ್ಲಿ, ಎರಡೂ ಮಗ್ಗುಲು ಅರ್ಧರ್ಧ ನಿಮಿಷ ಇಡಿ.